ವಾಷಿಂಗ್ ಬೇ ನೆಲಕ್ಕೆ ಎಪಾಕ್ಸಿ ಬೇಡ ಅಂದಾಗ ನಕ್ಕರು

ಐದು ವರ್ಷದ ಹತ್ತಿರ ಬಂತು, ಗಾಡಿ ತೊಳೆಯುವ ನನ್ನ ಬೇ ನೆಲದ ಪದರ ಇನ್ನೂ ಎದ್ದಿಲ್ಲ. "ಇಷ್ಟು ಒರಟು ನೆಲಕ್ಕೆ ಅಷ್ಟು ದುಡ್ಡಾ?" ಅಂದವರೇ ಈಗ ಬಂದು ಚಪ್ಪಲಿ ಉಜ್ಜಿ ನೋಡುತ್ತಾರೆ.

ಮೊದಲಿದ್ದದ್ದು ಮಾಮೂಲಿ ಎಪಾಕ್ಸಿ, ಅಂದರೆ ನೆಲಕ್ಕೆ ಬಳಿಯುವ ರಾಳದ ಲೇಪ, ಎರಡು ಕೋಟ್. ಕೆಲವು ತಿಂಗಳು ಒಳ್ಳೇ ಹೊಳಪು. ಆಮೇಲೆ ಚಕ್ರ ನಿಲ್ಲುವ ಪಟ್ಟಿಯಲ್ಲೇ, ಅಂದರೆ ಬಿಸಿನೀರಿನ ಗನ್ ಜಾಸ್ತಿ ಬೀಳುವ ಕಡೆ, ಅಂಗಿ ಗುಂಡಿಯಷ್ಟು ಗುಳ್ಳೆಗಳು. ಸ್ಕ್ರೂಡ್ರೈವರಿನಲ್ಲಿ ಚುಚ್ಚಿದರೆ ಒಳಗೆ ಅಂಟಂಟು ನೀರು, ಸಿಪ್ಪೆಯ ಹಿಂದೆ ಸಿಮೆಂಟಿನ ಬಿಳಿ ಪುಡಿ. ಹಾಕಿದವರು ಆಸಿಡ್ಡಿನಲ್ಲಿ ತೊಳೆದು ಕೈ ಬಿಟ್ಟಿದ್ದರು, ಗ್ರೈಂಡಿಂಗ್ (ಮೆಷಿನ್ನಿನಲ್ಲಿ ಕಾಂಕ್ರೀಟ್ ಮೇಲ್ಮೈ ಉಜ್ಜೋದು) ಇಲ್ಲ. ಕೇಳಿದ್ದಕ್ಕೆ ಮೇಲೊಂದು ಕೋಟ್ ಹೊಡೆದರು, ಅದರ ದುಡ್ಡೂ ನನ್ನದೇ. ಹಳೆಯದರ ಜೊತೆ ಅದೂ ಎದ್ದಿತು.

ನಮ್ಮ ನೀರು 70-80 ಡಿಗ್ರಿ, ಹಿಂದೆಯೇ ತಣ್ಣೀರು. ಮಾಮೂಲಿ ಎಪಾಕ್ಸಿ 60ರ ಆಸುಪಾಸಿಗೇ ಮೆತ್ತಗಾಗುತ್ತೆ, ಹಿಗ್ಗುವುದೂ ಕಾಂಕ್ರೀಟಿಗಿಂತ ಜಾಸ್ತಿ. ಪಿಯು ಸಿಮೆಂಟ್ (ಪಾಲಿಯುರೆಥೇನ್ ರಾಳ ಬೆರೆತ ಸಿಮೆಂಟ್) ಹೆಚ್ಚುಕಡಿಮೆ ಕಾಂಕ್ರೀಟಿನಷ್ಟೇ ಹಿಗ್ಗುತ್ತೆ. ಅದನ್ನೇ 6 ಮಿ.ಮೀ. ದಪ್ಪ ಹಾಕಿಸಿದೆ. ಖರ್ಚು ಎಪಾಕ್ಸಿಯ ಎರಡೂವರೆ ಪಟ್ಟು ಆಗಿರಬೇಕು. ಅದರಲ್ಲಿ ಮೂರರಲ್ಲೊಂದು ಪಾಲು ಗ್ರೈಂಡಿಂಗ್, ಎಣ್ಣೆ ತೆಗೆಯೋದು, ಚರಂಡಿ ಅಂಚಿಗೆ ಕಾಲುವೆ ಕೊರೆದು ಮಾಲನ್ನು ಕಚ್ಚಿಸೋದು, ಇದಕ್ಕೇ ಹೋಯಿತು. ಇಲ್ಲಿ ಮಾತ್ರ ಚೌಕಾಸಿ ಬೇಡ. ಎಣ್ಣೆ ಹೋಯಿತಾ ಅಂತ ನೋಡೋಕೆ ನೀರು ಚಿಮುಕಿಸಿ. ಹನಿಯಾಗಿ ನಿಂತರೆ ಇನ್ನೂ ಇದೆ ಅಂತಲೇ ಲೆಕ್ಕ. ಲಾರಿ ನಿಲ್ಲುವ ಮೂಲೆಯಲ್ಲಿ ಎಷ್ಟು ತೊಳೆದರೂ ಹನಿ ಇಂಗಲಿಲ್ಲ, ಒಡೆಸಿ ಹೊಸ ಕಾಂಕ್ರೀಟ್ ತುಂಬಿಸಬೇಕಾಯಿತು. ಒಡೆದ ಮೇಲೆ ಹೇಗೂ ಅಂತ ನೀರು ಹರಿಯುವ ವಾಟವನ್ನೂ ಮೀಟರಿಗೆ ಒಂದೂವರೆ ಸೆಂ.ಮೀ. ಮಾಡಿಸಿದೆ.

ಜಾರದಿರಲು ಮೇಲೆ ಕ್ವಾರ್ಟ್ಜ್ ಮರಳು ಎರಚಬೇಕು, ಗೊತ್ತೇ ಇದೆ. ಯಾವ ಗಾತ್ರದ ಕಾಳಿಗೆ ಯಾವ ಗಾತ್ರದ್ದು ಬೆರೆಸಿದೆ ಅನ್ನೋದು ನನ್ನಲ್ಲೇ ಇರಲಿ.

ಉಳಿದ ಮಾಲನ್ನು ಸುಮ್ನೆ ಟೈಲ್ ತುಂಡಿಗೆ ಬಳಿದು, ಎಪಾಕ್ಸಿ ತುಂಡೊಂದನ್ನು ಪಕ್ಕದಲ್ಲಿಟ್ಟು, ಡೀಸೆಲ್, ಬ್ರೇಕ್ ಆಯಿಲ್, ಚಕ್ರ ತೊಳೆಯುವ ಆಸಿಡ್ ಸುರಿದು ರಾತ್ರಿಯಿಡೀ ಬಿಟ್ಟೆ. ಡೀಸೆಲ್ ಯಾವುದಕ್ಕೂ ಏನೂ ಮಾಡಲಿಲ್ಲ. ಬ್ರೇಕ್ ಆಯಿಲ್ ಬಿದ್ದ ಎಪಾಕ್ಸಿ ಉಗುರಿಗೆ ಸಿಗುವಷ್ಟು ಮೆತ್ತಗಾಗಿತ್ತು. ಪಿಯುಗೆ ಬಣ್ಣ ಕೆಟ್ಟಿತು, ಅಷ್ಟೇ.

ಗೋಡೆಗೆ ಇಷ್ಟೆಲ್ಲ ಬೇಕಿಲ್ಲ. ಆಳೆತ್ತರಕ್ಕೆ ಪಿವಿಸಿ ಪ್ಯಾನೆಲ್, ಅದಕ್ಕಿಂತ ಮೇಲಿನ ಗೋಡೆಗೆ ನೀರು ಆಧಾರಿತ ಎಪಾಕ್ಸಿ ಬಣ್ಣ ಸಾಕು. ನೆಲದ ಮಾಲನ್ನೇ ಮೂಲೆಯಲ್ಲಿ ಗುಂಡಗೆ ತಿರುಗಿಸಿ 10 ಸೆಂ.ಮೀ. ಏರಿಸಿ, ಪ್ಯಾನೆಲ್ ಅದರ ಮುಂದಕ್ಕೆ ಇಳಿದು ಬರಲಿ. ಇಲ್ಲದಿದ್ದರೆ ನೀರು ಹಿಂದೆ ಸೇರುತ್ತೆ ಅಲ್ವಾ? ಪ್ಯಾನೆಲ್ ಜಾಯಿಂಟಿನ ಸಿಲಿಕೋನ್ ಮಾತ್ರ ಕಪ್ಪಾಗುತ್ತೆ, ಎರಡು ವರ್ಷಕ್ಕೊಮ್ಮೆ ಕಿತ್ತು ಹೊಸದು ತುಂಬಿಸುತ್ತೇನೆ.