ಹಿರಿಯ ರಾಕರ್‌ಗಳ ಕಾನ್ಸರ್ಟ್‌ಗೆ ನಾನು ಹೋಗುವ ರೀತಿ

ಅರವತ್ತು ದಾಟಿದ ರಾಕ್ ಗಾಯಕರ ಕಾನ್ಸರ್ಟ್ ಹತ್ತಿರ ಬಂತು ಅಂದರೆ ನಾನು ಮೊದಲು ಮಾಡುವ ಕೆಲಸ, ಅವರ ಹಳೇ ಆಲ್ಬಮ್ ಕೇಳುವುದನ್ನು ನಿಲ್ಲಿಸುವುದು. ಅದರ ಬದಲು ಅದೇ ವರ್ಷವೋ ಹಿಂದಿನ ವರ್ಷವೋ ಅವರು ಬೇರೆ ಊರುಗಳಲ್ಲಿ ಹಾಡಿದ ಲೈವ್ ರೆಕಾರ್ಡಿಂಗ್ ಹುಡುಕಿ ಕೇಳುತ್ತೇನೆ. ಗುಂಪಿನ ಮಧ್ಯೆ ಯಾರೋ ಫೋನ್ ಎತ್ತಿ ಹಿಡಿದು ಮಾಡಿದ್ದಾದರೂ ಪರವಾಗಿಲ್ಲ. ಎರಡು ವಾರ ಹಾಗೆ ಕೇಳಿದರೆ ಕಿವಿ ಹೊಂದಿಕೊಳ್ಳುತ್ತದೆ.

ಯಾಕೆ ಅಂದರೆ, ನಮ್ಮ ತಲೆಯಲ್ಲಿ ಕೂತಿರುವುದು 1970ರ ದಶಕದ ಕ್ಯಾಸೆಟ್ಟಿನ ಧ್ವನಿ. ವೇದಿಕೆ ಮೇಲೆ ನಿಂತಿರುವುದು ಎಪ್ಪತ್ತು ವರ್ಷದ ಮನುಷ್ಯ. ತಯಾರಿ ಇಲ್ಲದೆ ಹೋದವರು ಮೊದಲ ನಾಲ್ಕೈದು ಹಾಡು ಬರೀ ಹೋಲಿಸಿ ನೋಡುವುದರಲ್ಲೇ ಕಳೆಯುತ್ತಾರೆ. ಪಕ್ಕದಲ್ಲಿ ನಿಂತವರು "ಅಯ್ಯೋ, ಧ್ವನಿನೇ ಹೋಗಿದೆ ಕಣೋ" ಅನ್ನುವುದನ್ನು ಪ್ರತಿ ಸಲ ಕೇಳುತ್ತೇನೆ. ನನಗೆ ನಿಜಕ್ಕೂ ಬೇಜಾರಾಗುತ್ತದೆ. ಐವತ್ತು ವರ್ಷ ಹಾಡಿದ ಗಂಟಲು ಮುಂಚಿನ ಹಾಗೇ ಇರಬೇಕು ಅಂತ ಕೇಳುವುದು ಯಾವ ನ್ಯಾಯ?

ನಮ್ಮ ಊರಿನಲ್ಲೇ ನೋಡಿ. ಚಾಮರಾಜಪೇಟೆಯ ಕೋಟೆ ಹೈಸ್ಕೂಲ್ ಮೈದಾನದ ರಾಮನವಮಿ ಕಛೇರಿಗಳಲ್ಲಿ ವಯಸ್ಸಾದ ವಿದ್ವಾಂಸರು ಶ್ರುತಿ ಇಳಿಸಿಕೊಂಡು ಹಾಡಿದರೆ ಯಾರಾದರೂ ಗೊಣಗುತ್ತಾರಾ? ಇಲ್ಲ. ಮುಂದಿನ ಸಾಲಿನವರು ಇನ್ನೂ ಹತ್ತಿರ ಬಾಗಿ ಕೇಳುತ್ತಾರೆ. ಗಂಗೂಬಾಯಿ ಹಾನಗಲ್ ಅವರ ಧ್ವನಿ ಗಂಟಲಿನ ಶಸ್ತ್ರಚಿಕಿತ್ಸೆ ಆದಮೇಲೆ ದಪ್ಪವಾಯಿತು, ಕೆಳಗಿಳಿಯಿತು. ಆ ಧ್ವನಿಯನ್ನೇ ಹಿಡಿದು ಅವರು ತಮ್ಮ ಗಾಯನ ಕಟ್ಟಿಕೊಂಡರು, ಅದನ್ನೇ ನಾವು ಪ್ರೀತಿಸಿದೆವು. ಅದೇ ಕಿವಿಯನ್ನು ರಾಕ್ ಕಾನ್ಸರ್ಟ್‌ಗೂ ತೆಗೆದುಕೊಂಡು ಹೋಗಿ ಅನ್ನುವುದಷ್ಟೇ ನನ್ನ ಮಾತು.

ರಾಕ್ ಬ್ಯಾಂಡುಗಳೂ ಶ್ರುತಿ ಇಳಿಸುತ್ತವೆ. ಮೆಟಾಲಿಕಾ 1990ರ ದಶಕದಿಂದಲೇ ವೇದಿಕೆಯಲ್ಲಿ ಗಿಟಾರ್‌ಗಳನ್ನು ಅರ್ಧ ಸ್ವರ ಇಳಿಸಿ ನುಡಿಸುತ್ತಿದೆ. ಕೆಲವರು ಹಾಡನ್ನೇ ಕೈಬಿಡುತ್ತಾರೆ. ಡೀಪ್ ಪರ್ಪಲ್‌ನ ಇಯಾನ್ ಗಿಲನ್ ಹುಟ್ಟಿದ್ದು 1945ರಲ್ಲಿ. ಅವರ 'ಚೈಲ್ಡ್ ಇನ್ ಟೈಮ್' ಹಾಡಿನ ಆ ಏರು ಕೂಗು ಎಲ್ಲರಿಗೂ ಗೊತ್ತು. 2000ರ ದಶಕದ ಶುರುವಿನಲ್ಲೇ ಅದನ್ನು ಲೈವ್ ಹಾಡುವುದು ನಿಲ್ಲಿಸಿದರು. ನನಗೆ ಅದು ಗೌರವದ ಕೆಲಸ ಅನ್ನಿಸುತ್ತದೆ, ಹಿಂದೆ ಟೇಪ್ ಓಡಿಸಿ ಬಾಯಾಡಿಸುವುದಕ್ಕಿಂತ ಎಷ್ಟೋ ಮೇಲು. ಹಾಗಾಗಿ ಹೋಗುವ ಮುಂಚೆ, ಆವತ್ತು ಹಾಡುವ ಹಾಡುಗಳ ಪಟ್ಟಿ ಅಂದರೆ ಸೆಟ್‌ಲಿಸ್ಟ್ ನೋಡುತ್ತೇನೆ. ಯಾವ ಹಾಡು ಇಲ್ಲ ಅಂತ ಮನೆಯಲ್ಲೇ ಗೊತ್ತಾದರೆ ಮೈದಾನದಲ್ಲಿ ಅದಕ್ಕಾಗಿ ಕಾಯುತ್ತಾ ಕೂರುವುದಿಲ್ಲ. ಸೆಟ್‌ಲಿಸ್ಟ್ ನೋಡಿದರೆ ಮಜಾ ಹೋಗುತ್ತೆ ಅನ್ನುವವರೂ ಇದ್ದಾರೆ, ಅವರವರ ಇಷ್ಟ.

ಬೆಂಗಳೂರಿನಲ್ಲಿ ಬೆಳೆದ ನಮ್ಮ ವಯಸ್ಸಿನವರಿಗೆ ಈ ಹುಚ್ಚು ಹಿಡಿಸಿದ್ದು ಪ್ಯಾಲೇಸ್ ಗ್ರೌಂಡ್ಸ್. 2001ರಲ್ಲಿ ಡೀಪ್ ಪರ್ಪಲ್, 2002ರಲ್ಲಿ ರೋಜರ್ ವಾಟರ್ಸ್, 2003ರಲ್ಲಿ ರೋಲಿಂಗ್ ಸ್ಟೋನ್ಸ್, 2005ರಲ್ಲಿ ಮಾರ್ಕ್ ನಾಫ್ಲರ್, 2007ರಲ್ಲಿ ಮಾರ್ಚ್‌ಗೆ ಐರನ್ ಮೇಡನ್, ಜೂನ್‌ಗೆ ಏರೋಸ್ಮಿತ್. ಮೇಖ್ರಿ ಸರ್ಕಲ್ ಹತ್ತಿರ ಬಸ್ ಇಳಿದು ನಡೆದರೆ ಸಾಕಿತ್ತು. ಆಗ ಅದು ಎಷ್ಟು ದೊಡ್ಡ ಭಾಗ್ಯ ಅಂತ ಯಾರಿಗೂ ಅಂದಾಜಿರಲಿಲ್ಲ.

ಸ್ಟೋನ್ಸ್ ಶೋ ಬಗ್ಗೆ ಸ್ವಲ್ಪ ಹೇಳಲೇಬೇಕು. 2003ರ ಏಪ್ರಿಲ್ 4. ಬೆಂಗಳೂರಿನ ಏಪ್ರಿಲ್ ಮಳೆ ಗೊತ್ತಲ್ಲ, ಬಂದರೆ ಒಂದೇ ಸಲಕ್ಕೆ ಸುರಿಯುತ್ತೆ, ಆವತ್ತೂ ಸುರಿಯಿತು. ಗಾಯಕ ಮಿಕ್ ಜ್ಯಾಗರ್‌ಗೆ ಆಗ 59 ವರ್ಷ. ಎಲ್ಲರೂ ಅವರ ಓಡಾಟವನ್ನೇ ನೋಡುತ್ತಿದ್ದರು. ನನ್ನ ಕಣ್ಣು ಮಾತ್ರ ಹಿಂದೆ ಡ್ರಮ್ಸ್ ಮೇಲೆ ಕೂತಿದ್ದ ಚಾರ್ಲಿ ವಾಟ್ಸ್ ಮೇಲೆ. 61 ವರ್ಷದ ಮನುಷ್ಯ, ಮುಖದಲ್ಲಿ ಒಂದು ಗೆರೆ ಬದಲಾಗುವುದಿಲ್ಲ. ಸ್ನೇರ್ ಡ್ರಮ್ಮಿಗೆ ಎಡಗೈ ಬೀಳುವಾಗಲೆಲ್ಲ ಬಲಗೈಯನ್ನು ಜೋಡಿ ತಾಳದಂಥ ಹೈ-ಹ್ಯಾಟ್‌ನಿಂದ ಎತ್ತಿಬಿಡುತ್ತಿದ್ದರು. ಸಾಮಾನ್ಯವಾಗಿ ಬೇರೆ ಡ್ರಮ್ಮರ್‌ಗಳು ಎರಡೂ ಒಟ್ಟಿಗೆ ಬಾರಿಸುತ್ತಾರೆ. ಆ ಒಂದು ಸಣ್ಣ ಬಿಡುವಿನಿಂದಲೇ ಸ್ಟೋನ್ಸ್ ತಾಳಕ್ಕೆ ಆ ತೂಗಾಟ ಬರುವುದು. ಇದನ್ನು ಪುಸ್ತಕದಲ್ಲಿ ಓದಬಹುದು, ವಿಡಿಯೋದಲ್ಲೂ ನೋಡಬಹುದು, ಆದರೆ ಎದುರಿಗೆ ನೋಡಿದಾಗಲೇ ಕೀತ್ ರಿಚರ್ಡ್ಸ್ ಯಾಕೆ ಆಗಾಗ ಡ್ರಮ್ಸ್ ಕಡೆ ತಿರುಗಿ ನಿಲ್ಲುತ್ತಾರೆ ಅಂತ ನನಗೆ ಅರ್ಥವಾಯಿತು. ಬಹಳ ಹಾಡುಗಳಿಗೆ ಅವರ ಗಿಟಾರ್‌ನಲ್ಲಿ ಐದೇ ತಂತಿ, ಆರನೆಯದನ್ನು ತೆಗೆದು ಬರೀ ತಂತಿ ಮೀಟಿದರೇ ಜಿ ಕಾರ್ಡ್ ಬರುವ ಓಪನ್ ಜಿ ಶ್ರುತಿಗೆ ಕೂರಿಸಿರುತ್ತಾರೆ. ತಂತಿ ಕಮ್ಮಿ, ಸ್ವರ ಕಮ್ಮಿ, ಹೊಡೆತ ಮಾತ್ರ ಇರಬೇಕಾದ ಜಾಗದಲ್ಲೇ ಇರುತ್ತೆ. ವಾಟ್ಸ್ 2021ರಲ್ಲಿ ತೀರಿಕೊಂಡರು.

ಅವತ್ತಿನಿಂದ ಯಾವ ಹಿರಿಯ ಬ್ಯಾಂಡ್ ನೋಡಲು ಹೋದರೂ ಒಬ್ಬರ ಕೈಯನ್ನು ಆರಿಸಿಕೊಂಡು ಎರಡು ಮೂರು ಹಾಡು ಅದನ್ನೇ ನೋಡುತ್ತೇನೆ. ಮೇಡನ್ ಬಂದಾಗ ಸ್ಟೀವ್ ಹ್ಯಾರಿಸ್ ಬಲಗೈ ನೋಡಿದೆ. ಪ್ಲೆಕ್ಟ್ರಮ್ ಇಲ್ಲ, ಬರೀ ಬೆರಳಲ್ಲೇ ಆ ಕುದುರೆ ಓಟದ ಬೇಸ್. ಅವರ ಆಗಿನ ಡ್ರಮ್ಮರ್ ನಿಕೋ ಮೆಕ್‌ಬ್ರೇನ್ ಬರಿಗಾಲಲ್ಲಿ ಪೆಡಲ್ ತುಳಿಯುತ್ತಿದ್ದರು. 2023ರ ಜನವರಿಯಲ್ಲಿ ಅವರಿಗೆ ಪಾರ್ಶ್ವವಾಯು ಆಯಿತು. ಕೆಲವೇ ತಿಂಗಳಲ್ಲಿ ಮತ್ತೆ ಪ್ರವಾಸಕ್ಕೆ ಬಂದರು, ಕೈಗೆ ಬಾರದ ಕೆಲವು ವೇಗದ ಭಾಗಗಳನ್ನು ಬದಲಿಸಿಕೊಂಡು ನುಡಿಸಿದರು, 2024ರ ಡಿಸೆಂಬರ್‌ವರೆಗೂ. ಗಾಯಕ ಬ್ರೂಸ್ ಡಿಕಿನ್ಸನ್ ನಾಲಿಗೆಯ ಕ್ಯಾನ್ಸರ್ ಗುಣಮಾಡಿಕೊಂಡು 2016ರಲ್ಲಿ ಮತ್ತೆ ವೇದಿಕೆಗೆ ಬಂದರು. ಇಂಥವರು ಒಂದು ಸ್ವರ ಆಚೀಚೆ ಮಾಡಿದರೆ ಅದನ್ನು ತಪ್ಪು ಅಂತ ಹಿಡಿಯಲು ನನಗೆ ಮನಸ್ಸು ಬರುವುದಿಲ್ಲ. ಹೇಗೆ ದಾಟಿದರು ಅಂತ ನೋಡುತ್ತೇನೆ. ಉಸಿರು ಎಲ್ಲಿ ತೆಗೆದುಕೊಂಡರು, ಯಾವ ಸಾಲನ್ನು ಜನರಿಗೆ ಹಾಡಲು ಬಿಟ್ಟರು, ಯಾವ ಹಾಡಿನ ನಂತರ ಉದ್ದದ ಗಿಟಾರ್ ಸೋಲೋ ಇಟ್ಟರು. ಆ ಸೋಲೋ ಹೊತ್ತಿನಲ್ಲಿ ಗಾಯಕ ಪರದೆ ಹಿಂದೆ ನೀರು ಕುಡಿಯುತ್ತಾ ಗಂಟಲಿಗೆ ಬಿಡುವು ಕೊಡುತ್ತಿರುತ್ತಾನೆ. ಇದೆಲ್ಲ ಸಂಗೀತವೇ, ಅಲ್ವಾ?

ಇನ್ನು ಎಲ್ಲಿ ನಿಲ್ಲಬೇಕು. ಇದರಲ್ಲಿ ನಾನು ಸ್ವಲ್ಪ ಹಟಮಾರಿ. ಮೈದಾನದ ಮಧ್ಯೆ ಟೆಂಟ್ ಹಾಕಿ ಸೌಂಡ್ ಕನ್ಸೋಲ್ ಇಟ್ಟಿರುತ್ತಾರಲ್ಲ, ಅದರ ಮುಂದೆ ಅಥವಾ ಪಕ್ಕದಲ್ಲಿ. ಸೌಂಡ್ ಇಂಜಿನಿಯರ್ ತನ್ನ ಕಿವಿಗೆ ಸರಿ ಕೇಳುವ ಹಾಗೆ ಮಿಕ್ಸ್ ಮಾಡುತ್ತಾನೆ, ಅಂದಮೇಲೆ ಅವನ ಹತ್ತಿರ ನಿಂತರೆ ನಮಗೂ ಸರಿ ಕೇಳುತ್ತದೆ. ಬ್ಯಾರಿಕೇಡ್‌ಗೆ ಅಂಟಿಕೊಂಡು ನಿಂತರೆ ಮುಖ ಚೆನ್ನಾಗಿ ಕಾಣುತ್ತದೆ, ನಿಜ. ಆದರೆ ದೊಡ್ಡ ಸ್ಪೀಕರ್‌ಗಳು ಎತ್ತರದಲ್ಲಿ ಎರಡು ಬದಿಗೆ ತೂಗಿರುತ್ತವೆ, ಗಾಯಕನ ಧ್ವನಿ ನಿಮ್ಮ ತಲೆ ಮೇಲಿಂದ ಹಿಂದಕ್ಕೆ ಹೋಗಿಬಿಡುತ್ತದೆ. ನಿಮ್ಮ ಪಾಲಿಗೆ ಸಿಗುವುದು ಡ್ರಮ್ಸ್ ಮತ್ತು ನೆಲದ ಮೇಲಿಟ್ಟ ಬೇಸ್ ಸ್ಪೀಕರ್‌ಗಳ ಗುಡುಗು. ಹುಡುಗರ ಬ್ಯಾಂಡಾದರೆ ನಡೆಯುತ್ತೆ. ಎಪ್ಪತ್ತರ ಗಾಯಕರ ಧ್ವನಿ ಮೆತ್ತಗೆ, ಸಣ್ಣ ಸಣ್ಣ ಒರಟು ಅಂಚುಗಳಲ್ಲಿ ಇರುತ್ತೆ, ಅದು ಕೇಳಲೇಬೇಕು. ತೀರಾ ಹಿಂದೆಯೂ ಹೋಗಬೇಡಿ. ಶಬ್ದ ಸೆಕೆಂಡಿಗೆ ಸುಮಾರು 340 ಮೀಟರ್ ಹೋಗುತ್ತದೆ. ನೂರು ಮೀಟರ್ ಹಿಂದೆ ನಿಂತರೆ ಪರದೆ ಮೇಲೆ ಕೋಲು ಡ್ರಮ್ಮಿಗೆ ಬಿದ್ದಮೇಲೆ ಸದ್ದು ಬರುತ್ತದೆ. ನನಗಂತೂ ಅದು ಕಿರಿಕಿರಿ.

ಇಯರ್‌ಪ್ಲಗ್ ಇಲ್ಲದೆ ಹೋಗುವುದಿಲ್ಲ. ಇದನ್ನು ಹೇಳಿದರೆ ನಮ್ಮ ಹುಡುಗರು "ಕಿವಿ ಮುಚ್ಚಿಕೊಂಡು ಕೇಳೋಕೆ ಹೋಗ್ತೀರಾ" ಅನ್ನುತ್ತಾರೆ. ವಿಶ್ವ ಆರೋಗ್ಯ ಸಂಸ್ಥೆ 2022ರಲ್ಲಿ ಕಾನ್ಸರ್ಟ್ ಜಾಗಗಳಿಗೆ ಕೊಟ್ಟ ಮಿತಿ, ಸರಾಸರಿ 100 ಡೆಸಿಬೆಲ್. ಅದೇ 100 ಡೆಸಿಬೆಲ್‌ಗೆ ಕೆಲಸದ ಜಾಗದ ಒಂದು ಕಟ್ಟುನಿಟ್ಟಿನ ಸುರಕ್ಷತಾ ಲೆಕ್ಕದಲ್ಲಿ ದಿನಕ್ಕೆ ಕೇವಲ 15 ನಿಮಿಷ ಅವಕಾಶ. ನಾವು ಎರಡು ಗಂಟೆ ನಿಲ್ಲುತ್ತೇವೆ. ಮೆಡಿಕಲ್ ಸ್ಟೋರಿನ ಫೋಮ್ ಪ್ಲಗ್ ಹಾಕಿದರೆ ಸಿಂಬಲ್ ಸದ್ದು, ಗಾಯಕನ ಉಚ್ಚಾರ ಎಲ್ಲ ಮಂಕಾಗುತ್ತದೆ. ಸಂಗೀತಗಾರರಿಗೆ ಅಂತಲೇ ಮಾಡಿದ ಪ್ಲಗ್ ತೆಗೆದುಕೊಳ್ಳಿ, ಎಲ್ಲ ಸ್ವರಗಳನ್ನೂ ಹೆಚ್ಚುಕಡಿಮೆ ಒಂದೇ ಸಮ ಇಳಿಸುತ್ತವೆ. ಮುಂದಿನ ಇಪ್ಪತ್ತು ವರ್ಷವೂ ಹಾಡು ಕೇಳಬೇಕು ಅಂತಿದ್ದರೆ ಈ ದುಡ್ಡು ದೊಡ್ಡದಲ್ಲ.

ರಾತ್ರಿ ಹತ್ತರ ಮೇಲೆ ಬಯಲಲ್ಲಿ ಧ್ವನಿವರ್ಧಕ ಬಳಸುವ ಹಾಗಿಲ್ಲ, 2000ದ ಶಬ್ದಮಾಲಿನ್ಯ ನಿಯಮ. ಹಾಗಾಗಿ ಇಲ್ಲಿ ಶೋ ಬೇಗ ಶುರು, ಬೇಗ ಮುಕ್ತಾಯ. ಬೇರೆ ಊರಿನವರು ಗೊಣಗಬಹುದು, ನನಗೆ ಇದು ಒಳ್ಳೆಯದೇ. ಮಾರನೇ ದಿನ ಆಫೀಸ್ ಇರುತ್ತೆ, ಹಾಡುವವರಿಗೂ ವಯಸ್ಸಾಗಿದೆ. ತೊಂದರೆ ಇರುವುದು ದಾರಿಯಲ್ಲಿ. ಈಗ ದೊಡ್ಡ ಶೋಗಳು ಊರ ಅಂಚಿಗೆ ಹೋಗಿವೆ, ತುಮಕೂರು ರಸ್ತೆಯ ಮಾದಾವರ ಕಡೆ, ಇಲ್ಲವೇ ವಿಮಾನ ನಿಲ್ದಾಣದ ಕಡೆ. ಮಾದಾವರಕ್ಕೆ 2024ರ ನವೆಂಬರ್‌ನಿಂದ ಹಸಿರು ಮಾರ್ಗದ ಮೆಟ್ರೋ ಬಂದಿದೆ, ಅಲ್ಲಿ ಶೋ ಇದ್ದರೆ ಕಾರ್ ಮುಟ್ಟಬೇಡಿ. ಕೊನೆಯ ರೈಲು ಎಷ್ಟು ಹೊತ್ತಿಗೆ ಅಂತ ಹೊರಡುವಾಗಲೇ ನೋಡಿಕೊಂಡಿರಿ. ವಿಮಾನ ನಿಲ್ದಾಣದ ಕಡೆ ಆದರೆ ನಾಲ್ಕು ಜನ ಸೇರಿ ಹೋಗಿ ಬರುವ ಕ್ಯಾಬ್ ಮುಂಚೆಯೇ ಮಾತಾಡಿಕೊಳ್ಳುವುದು ವಾಸಿ. ಛತ್ರಿ ಒಳಗೆ ಬಿಡುವುದಿಲ್ಲ, ತೆಳ್ಳಗಿನ ರೇನ್‌ಕೋಟ್ ಮಡಚಿ ಇಟ್ಟುಕೊಳ್ಳಿ. ಸಂಜೆ ನಾಲ್ಕಕ್ಕೇ ಹೊಟ್ಟೆ ತುಂಬ ತಿಂದು ಹೋಗಿ.

ಪಂಕ್, ಅಂದರೆ ವೇಗದ ಒರಟು ರಾಕ್, ಅದರ ವಿಷಯ ಬೇರೆ. ಅಮೆರಿಕದ ಪಂಕ್ ಬ್ಯಾಂಡ್ ರಾಮೋನ್ಸ್‌ನ ಮೊದಲ ನಾಲ್ವರೂ ಈಗ ಇಲ್ಲ, ಕೊನೆಯವರು ಟಾಮಿ, 2014ರಲ್ಲಿ ಹೋದರು. ಮೊದಲ ಪೀಳಿಗೆಯ ಪಂಕ್ ಬ್ಯಾಂಡ್ ನೋಡಲು ನಾನು ಬೆಂಗಳೂರು ಬಿಡಬೇಕಾಯಿತು. ಆಫೀಸಿನಿಂದ ಲಂಡನ್ನಿಗೆ ಆನ್‌ಸೈಟ್ ಕಳಿಸಿದ್ದಾಗ ಆಕ್ಸ್‌ಫರ್ಡ್ ಸ್ಟ್ರೀಟಿನ ಹಂಡ್ರೆಡ್ ಕ್ಲಬ್‌ಗೆ ಹೋದೆ. ಅದು ನೆಲಮಾಳಿಗೆ. 1976ರ ಸೆಪ್ಟೆಂಬರ್‌ನಲ್ಲಿ ಸೆಕ್ಸ್ ಪಿಸ್ಟಲ್ಸ್, ಕ್ಲ್ಯಾಶ್, ಡ್ಯಾಮ್ಡ್, ಬಝ್‌ಕಾಕ್ಸ್ ಎಲ್ಲ ನುಡಿಸಿದ ಪಂಕ್ ಉತ್ಸವ ನಡೆದದ್ದು ಅಲ್ಲೇ. ನಾನು ನೋಡಿದ್ದು ಯುಕೆ ಸಬ್ಸ್. ಗಾಯಕ ಚಾರ್ಲಿ ಹಾರ್ಪರ್ ಹುಟ್ಟಿದ್ದು 1944ರಲ್ಲಿ, ಮುಂಚೆ ಕೂದಲು ಕತ್ತರಿಸುವ ಕೆಲಸ ಮಾಡುತ್ತಿದ್ದವರು. ವೇದಿಕೆ ಎತ್ತರವಿಲ್ಲ, ಅವರಿಗೂ ಜನಕ್ಕೂ ಮಧ್ಯೆ ಏನೂ ಇಲ್ಲ. ಒಂದು ಹಾಡು ಎರಡು ನಿಮಿಷ, ಉಸಿರಾಡುವ ಮುಂಚೆ ಇನ್ನೊಂದು.

ಪಂಕ್ ಗಾಯಕರಿಗೆ ವಯಸ್ಸು ಅಷ್ಟಾಗಿ ತಟ್ಟುವುದಿಲ್ಲ ಅನ್ನುವುದು ನನ್ನ ಲೆಕ್ಕ. ಆ ಹಾಡುಗಳು ಏರು ಸ್ವರದ ಮೇಲೆ ನಿಂತಿಲ್ಲ. ಮಾತು, ವೇಗ, ಹೇಳಲೇಬೇಕು ಅನ್ನುವ ತವಕ ಇದ್ದರೆ ಸಾಕು. ಸುತ್ತ ಇದ್ದವರಲ್ಲಿ ಅರ್ಧ ಜನ ನರೆತ ತಲೆಯವರು, ಆದರೂ ಮುಂದೆ ನೂಕಾಟ ಜೋರು. ಯಾರಾದರೂ ಬಿದ್ದರೆ ತಕ್ಷಣ ನಾಲ್ಕು ಕೈ ಬಂದು ಎತ್ತುತ್ತವೆ. ಕನ್ನಡಕ ಬಿದ್ದರೆ ಎಲ್ಲರೂ ನಿಂತು ಹುಡುಕಿಕೊಡುತ್ತಾರೆ. ಮಂಡಿ ನೋವಿರುವ ನನ್ನಂಥವರು ಕಂಬದ ಪಕ್ಕ ನಿಲ್ಲುವುದು ಒಳ್ಳೆಯದು, ಒಂದು ಕಡೆಯಿಂದಲಾದರೂ ಯಾರೂ ಬಂದು ಗುದ್ದುವುದಿಲ್ಲ. ಶೂ ಲೇಸ್ ಬಿಗಿಯಾಗಿ ಕಟ್ಟಿ, ಪರ್ಸ್ ಮುಂದಿನ ಜೇಬಲ್ಲಿ.

ಹಿರಿಯರು ಅಂದಾಗ ಹೊರದೇಶದವರೇ ಆಗಬೇಕಿಲ್ಲ. ನಮ್ಮ ಬೆಂಗಳೂರಿನ ಬ್ಯಾಂಡ್ ಥರ್ಮಲ್ ಆಂಡ್ ಎ ಕ್ವಾರ್ಟರ್ 1996ರಲ್ಲಿ ಶುರುವಾದದ್ದು, ಕ್ರಿಪ್ಟೋಸ್ 1998ರಲ್ಲಿ. ಜರ್ಮನಿಯ ವಾಕೆನ್ ಉತ್ಸವದಲ್ಲಿ ನುಡಿಸಿ ಬಂದ ಬ್ಯಾಂಡ್ ಕ್ರಿಪ್ಟೋಸ್. ಕೋರಮಂಗಲದ ಯಾವುದೋ ಪಬ್ಬಿನಲ್ಲಿ ಅವರ ಶೋ ಇದ್ದಾಗ ಇನ್ನೂರು ಜನ ಸೇರದಿದ್ದರೆ ನನಗೆ ಸಿಟ್ಟು ಬರುತ್ತದೆ. ಇವರನ್ನು ಕಾಲೇಜು ದಿನಗಳಿಂದ ಕೇಳಿದ್ದೇವೆ, ಇವರಿಗೆ ವಯಸ್ಸಾಗುವುದನ್ನು ಹತ್ತಿರದಿಂದ ನೋಡುವ ಅವಕಾಶ ನಮಗೆ ಮಾತ್ರ ಇದೆ. ಥರ್ಮಲ್‌ನ ಬ್ರೂಸ್ ಲೀ ಮಣಿಯವರ ಗಿಟಾರ್ ಕೇಳಲು ಕ್ಯಾಬ್, ರೇನ್‌ಕೋಟ್ ಏನೂ ಬೇಡ. ಆಟೋ ಹತ್ತಿದರೆ ಆಯಿತು. ಇಂದಿರಾನಗರದಲ್ಲಿ ಬ್ಯಾಂಡುಗಳು ನುಡಿಸುತ್ತಿದ್ದ ಹಮ್ಮಿಂಗ್ ಟ್ರೀ 2019ರಲ್ಲಿ ಮುಚ್ಚಿತು. ಜನ ಹೋಗದಿದ್ದರೆ ಉಳಿದ ಜಾಗಗಳೂ ಮುಚ್ಚುತ್ತವೆ.

ದುಡ್ಡಿನ ಮಾತು. ವಿಐಪಿ ಟಿಕೆಟ್ ನಾನು ತೆಗೆದುಕೊಳ್ಳುವುದಿಲ್ಲ. ವಿಐಪಿಗಳಿಗೆ ಹಾಕುವ ಕಟ್ಟೆ ಬಹಳ ಸಲ ಒಂದು ಬದಿಗೆ ಇರುತ್ತೆ, ಅಲ್ಲಿಂದ ಒಂದೇ ಕಡೆಯ ಸ್ಪೀಕರ್ ಜಾಸ್ತಿ ಕೇಳುತ್ತೆ, ಊಟದ ಸದ್ದು ಬೇರೆ. ಉಳಿದ ದುಡ್ಡು ಮುಂಬೈಗೆ. ಈಗ ದೊಡ್ಡವರು ಹೆಚ್ಚಾಗಿ ಅಲ್ಲೇ ಇಳಿಯುತ್ತಾರೆ. 2024ರಲ್ಲಿ ಲೊಲ್ಲಾಪಲೂಝಾ ಉತ್ಸವಕ್ಕೆ ಸ್ಟಿಂಗ್, 2025ರ ಮಾರ್ಚ್‌ನಲ್ಲಿ ಗ್ರೀನ್ ಡೇ, ಅದೇ ವರ್ಷ ಮೇ ತಿಂಗಳಲ್ಲಿ ಗನ್ಸ್ ಎನ್ ರೋಸಸ್, ಎಲ್ಲ ಮಹಾಲಕ್ಷ್ಮಿ ರೇಸ್‌ಕೋರ್ಸಿನಲ್ಲಿ. ಹಿರಿಯ ಬ್ಯಾಂಡ್ ಪ್ರವಾಸ ಘೋಷಿಸಿದರೆ ಮುಂದಿನ ಸಲ ನೋಡೋಣ ಅನ್ನುವುದು ಬೇಡ. ಏರೋಸ್ಮಿತ್ 2024ರಲ್ಲಿ ಗಾಯಕ ಸ್ಟೀವನ್ ಟೈಲರ್ ಗಂಟಲಿನ ಗಾಯದಿಂದ ಪ್ರವಾಸವನ್ನೇ ನಿಲ್ಲಿಸಿತು. ಬ್ಲ್ಯಾಕ್ ಸ್ಯಾಬತ್ ಗಾಯಕ ಆಝಿ ಆಸ್ಬೋರ್ನ್ 2025ರ ಜುಲೈ 5ಕ್ಕೆ ಬರ್ಮಿಂಗ್‌ಹ್ಯಾಮ್‌ನಲ್ಲಿ ಕೂತುಕೊಂಡೇ ಹಾಡಿದರು, 22ಕ್ಕೆ ತೀರಿಕೊಂಡರು. ಟಿಕೆಟ್ ಮಾರಾಟ ಶುರುವಾದ ದಿನವೇ ಕೊಂಡು, ಉದ್ಯಾನ್ ಎಕ್ಸ್‌ಪ್ರೆಸ್‌ನಲ್ಲಿ ಬರ್ತ್ ಕಾಯ್ದಿರಿಸಿಬಿಡಿ. ಮೂಲ ಬ್ಯಾಂಡಿನವರು ಒಬ್ಬರೇ ಉಳಿದಿದ್ದಾರೆ, ಹೋಗಲಾ ಬೇಡವಾ ಅಂತ ಕೆಲವರು ಕೇಳುತ್ತಾರೆ. ಆ ಒಬ್ಬರು ಹಾಡು ಬರೆದವರೋ ಹಾಡಿದವರೋ ಆಗಿದ್ದರೆ ಹೋಗಿ. ಹೆಸರಿನ ಹಕ್ಕು ಮಾತ್ರ ಇಟ್ಟುಕೊಂಡವರಾದರೆ ಆ ದುಡ್ಡಿಗೆ ಊರಿನ ಬ್ಯಾಂಡಿನ ಟೀ ಶರ್ಟ್ ಕೊಳ್ಳಿ, ಶೋ ಮುಗಿದಮೇಲೆ ಅವರ ಕೈಗೇ ಕೊಟ್ಟು.