44ರಲ್ಲಿ ಮುಳುಗಿದ ಹಂಸ

ಇಪ್ಪತ್ತು ವರ್ಷ ನೆಲದ ಮೇಲೆ ಕುಳಿತು ಪಿಟೀಲು ನುಡಿಸಿದ ನನಗೆ ಪಿಟೀಲಿನದೇ ಬಳಗದ ದೊಡ್ಡ ವಾದ್ಯವಾದ ಚೆಲ್ಲೊದ ಹುಚ್ಚು ಹತ್ತಿದ್ದು ನಲವತ್ತೈದರ ಹೊಸ್ತಿಲಲ್ಲಿ. ಬೆಂಗಳೂರಿನಲ್ಲಿ ಹಳೆಯದೊಂದನ್ನು ಕೊಂಡು ಕೋಲಾರಕ್ಕೆ ಬಸ್ಸಿನಲ್ಲೇ ತಂದೆ. ಕಂಡಕ್ಟರ್ ಅದಕ್ಕೂ ಒಂದು ಟಿಕೆಟ್ ಹರಿದರು. ಎರಡು ವರ್ಷ ಪಾಠಗಳನ್ನು ತಿದ್ದಿಕೊಂಡ ಮೇಲೆ, ಫ್ರಾನ್ಸಿನ ಕಮೀಲ್ ಸ್ಯಾನ್ ಸಾನ್ಸ್ ರಚಿಸಿದ 'ಹಂಸ'ಕ್ಕೆ ಕೈಹಾಕಿದೆ. ಸ್ವರಗಳು ಕಡಿಮೆ, ಗತಿ ನಿಧಾನ, ಹೊಸಬನಿಗೆ ಸುಲಭ ಎಂಬ ಲೆಕ್ಕ ನನ್ನದು.

ಮೊದಲ ಸಾಲು ನನ್ನದೇ ಊರಿನ ದಾರಿಯಂತೆ ಪರಿಚಿತವಾಗಿತ್ತು. ಕೃತಿಯ ಕೀ, ಅಂದರೆ ಆಧಾರ ಸ್ವರಶ್ರೇಣಿ, ಜಿ ಮೇಜರ್. ಜಿಯನ್ನು ಷಡ್ಜ, ಅಂದರೆ 'ಸ' ಎಂದು ಹಿಡಿದರೆ ನಮ್ಮ ಶಂಕರಾಭರಣ ರಾಗದ ಸ್ವರಗಳೇ. ಆರಂಭವನ್ನು ನೋಟುಪುಸ್ತಕದಲ್ಲಿ ಹೀಗೆ ಬರೆದುಕೊಂಡೆ: ಸ ನಿ ಗ ಧ ಪ ಸ, ರಿ ಗ ಮ. ಮೇಲಿನ ಷಡ್ಜದಿಂದ ಹೊರಟು ಒಂದು ಸ್ಥಾಯಿ ಕೆಳಗಿನ ಷಡ್ಜಕ್ಕೆ ಇಳಿದು, ಮತ್ತೆ ಏರತೊಡಗುತ್ತದೆ. 'ಹಂಸ ಅಂದರೆ ಹಂಸಧ್ವನಿಯಾ?' ಎಂದು ಅಮ್ಮ ಕೇಳಿದರು. ಹಂಸಧ್ವನಿ ರಾಗಕ್ಕೆ ಮ, ಧ ಎರಡೂ ಇಲ್ಲ. ಇಲ್ಲಿ ನಾಲ್ಕನೆಯ ಸ್ವರವೇ ಧೈವತ.

ಐದು ಮನೆಗೆ, ಅಂದರೆ ಜಿಗೆ, ಶ್ರುತಿಪೆಟ್ಟಿಗೆ ಹಚ್ಚಿ ನುಡಿಸಿದೆ. ಚೆಲ್ಲೊದ ನಾಲ್ಕು ತಂತಿಗಳು ಸಿ, ಜಿ, ಡಿ, ಎ. ಈ ಷಡ್ಜದ ಲೆಕ್ಕದಲ್ಲಿ ಅವು ಮ, ಸ, ಪ, ರಿ. ನಾಲ್ಕೂ ಶಂಕರಾಭರಣದೊಳಗಿನವೇ ಆದ್ದರಿಂದ ಷಡ್ಜ, ಪಂಚಮ ಸರಿಯಾಗಿ ಕುಳಿತರೆ ಮುಟ್ಟದ ತಂತಿಯೂ ತಾನಾಗಿ ಝೇಂಕರಿಸುತ್ತದೆ. ವಾದ್ಯಕ್ಕೆ ಈ ಕೀ ಒಗ್ಗುವುದು ಇದರಿಂದಲೇ ಎಂದು ನನ್ನ ನಂಬಿಕೆ. ಸ್ವಲ್ಪ ಮುಂದೆ ಹೋದರೆ ಮಾತ್ರ ಶ್ರುತಿಪೆಟ್ಟಿಗೆ ಜಗಳಕ್ಕೆ ನಿಂತಿತು. ಪಾಶ್ಚಾತ್ಯ ಸಂಗೀತದಲ್ಲಿ ಆಧಾರ ಷಡ್ಜವೇ ಜಾಗ ಬದಲಿಸುತ್ತದೆ, ಬೇರೆ ಮನೆಗೆ ಹೋಗಿ ಮರಳುತ್ತದೆ. ತಂಬೂರಿ ಹಾಗೆ ಎದ್ದು ಹೋಗುವಂತಿಲ್ಲ. ಮೂರು ವಾರ ನನ್ನ ಬೆರಳುಗಳನ್ನೇ ಬೈದುಕೊಂಡು, ಕೊನೆಗೆ ಪೆಟ್ಟಿಗೆಯನ್ನು ನಿಲ್ಲಿಸಿದೆ.

ತಾಳದಲ್ಲಿ ಇನ್ನೊಂದು ಎಡವಟ್ಟು. ಒಂದು ಬಾರ್‌ಗೆ, ಅಂದರೆ ತಾಳದ ಒಂದು ಸುತ್ತಿಗೆ, ಆರು ಎಣಿಕೆ. ಆರು ಎಂದ ಕೂಡಲೇ ರೂಪಕ ಎಂದುಕೊಂಡು ಎರಡು ನಾಲ್ಕಾಗಿ ಒಡೆದೆ. ಒತ್ತುಗಳು ಸಿಕ್ಕ ಸಿಕ್ಕಲ್ಲಿ ಬಿದ್ದವು. ಅದು ಮೂರು ಮೂರಾಗಿ ತೂಗುವ ನಡೆ.

ನಿಜವಾದ ತಪ್ಪು ಗತಿಯದ್ದು. ಗತಿ ಹಿಡಿದುಕೊಡುವ ಯಂತ್ರವಾದ ಮೆಟ್ರೊನೋಮನ್ನು ನಿಮಿಷಕ್ಕೆ 44 ಎಣಿಕೆಗೆ ಇಟ್ಟಿದ್ದೆ. ವಿಳಂಬ ಹೆಚ್ಚಿದಷ್ಟೂ ಭಾವ ಗಾಢವಾಗುತ್ತದೆ ಎಂಬುದು ಪಿಟೀಲಿನ ದಿನಗಳಿಂದ ಅಂಟಿದ ಅಭ್ಯಾಸ. ಮೊದಲ ಆರು ಸ್ವರಗಳನ್ನು ಕಮಾನಿನ ಒಂದೇ ಎಳೆತದಲ್ಲಿ ನುಡಿಸಬೇಕು. 44ರಲ್ಲಿ ಅದಕ್ಕೆ ಎಂಟು ಸೆಕೆಂಡು ಬೇಕು. ವಾದ್ಯ ಅಷ್ಟು ದೊಡ್ಡದಾದರೂ ಚೆಲ್ಲೊದ ಕಮಾನು ಪಿಟೀಲಿನದಕ್ಕಿಂತ ಗಿಡ್ಡ, ಭಾರ ಮಾತ್ರ ಹೆಚ್ಚು. ಐದನೆಯ ಸ್ವರಕ್ಕೇ ಕಮಾನು ತುದಿ ಮುಟ್ಟುತ್ತಿತ್ತು, ಆರನೆಯದು ದಮ್ಮು ಕಟ್ಟಿದವನ ಉಸಿರಿನಂತೆ ಹೊರಡುತ್ತಿತ್ತು. ಸಾಲದೆಂಬಂತೆ ನಿಷಾದಕ್ಕೂ ರಿಷಭಕ್ಕೂ ಗಮಕ ಬೇರೆ ಹಾಕುತ್ತಿದ್ದೆ. ಒಟ್ಟಿನಲ್ಲಿ ಶೋಕಗೀತೆಯೊಂದು ಸಿದ್ಧವಾಗಿತ್ತು.

ಕೆಜಿಎಫ್‌ನ ರಾಬರ್ಟ್‌ಸನ್‌ಪೇಟೆಯಲ್ಲಿ ಪಿಯಾನೊ ನುಡಿಸುವ ಹಿರಿಯರೊಬ್ಬರಿದ್ದಾರೆ. 2001ರಲ್ಲಿ ಗಣಿ ಮುಚ್ಚುವವರೆಗೂ ಅಲ್ಲೇ ಕೆಲಸದಲ್ಲಿದ್ದವರು. ಒಂದು ಭಾನುವಾರ ಅವರ ಮನೆಗೆ ವಾದ್ಯ ಹೊತ್ತು ಹೋದೆ. ಅರ್ಧ ಪುಟ ಜೊತೆಗೂಡಿ ಕೈ ನಿಲ್ಲಿಸಿದರು.

'ಮೇಷ್ಟ್ರೇ, ಹಂಸ ಇನ್ನೂ ಬದುಕಿದೆ. ಈಗಲೇ ಏಕೆ ಹೂಳುತ್ತೀರಿ?'

'ಅದು ಸಾಯುವ ಹಂಸವಲ್ಲವೇ, ಸರ್?'

'ಸಾಯಿಸಿದ್ದು ಬ್ಯಾಲೆಯವರು' ಎಂದು ನಕ್ಕರು. ಸ್ಯಾನ್ ಸಾನ್ಸ್ ಇದನ್ನು ಬರೆದದ್ದು 1886ರಲ್ಲಿ, ಪ್ರಾಣಿಗಳ ಬಗೆಗಿನ ಹದಿನಾಲ್ಕು ತಮಾಷೆಯ ತುಣುಕುಗಳಲ್ಲಿ ಹದಿಮೂರನೆಯದಾಗಿ. ತನ್ನ ಗಾಂಭೀರ್ಯಕ್ಕೆ ಕುಂದೆಂದು ಉಳಿದವನ್ನು ಬದುಕಿರುವಾಗ ಅಚ್ಚಿಗೆ ಬಿಡಲಿಲ್ಲ, ಇದೊಂದನ್ನೇ ಬಿಟ್ಟ. ರಷ್ಯಾದ ನರ್ತಕಿ ಅನ್ನಾ ಪಾವ್ಲೋವಾಗಾಗಿ ಮಿಖಾಯಿಲ್ ಫೋಕಿನ್ ಇದೇ ಸಂಗೀತಕ್ಕೆ ಸಾಯುವ ಹಂಸದ ನೃತ್ಯ ಹೆಣೆದದ್ದು ಆಮೇಲಿನ ಮಾತು. ನಾನು ಆ ನೃತ್ಯದ ವಿಡಿಯೊ ನೋಡಿ ಭಾವ ಕಲಿತಿದ್ದೆ! ಹಾಳೆಯ ತಲೆಯಲ್ಲಿದ್ದ 'ಆಂಡಂಟೀನೊ ಗ್ರಾತ್ಸಿಯೋಸೊ' ಎಂಬ ಎರಡು ಪದಗಳನ್ನು ಅಲಂಕಾರವೆಂಬಂತೆ ದಾಟಿ ಹೋಗಿದ್ದೆ. ಹದವಾದ ನಡಿಗೆ, ಲಾಲಿತ್ಯದಿಂದ ಎಂದು ಅದರ ಅರ್ಥ. ಅಡಾಜಿಯೊ, ಅಂದರೆ ನಿಧಾನ, ಎಂದು ಸ್ಯಾನ್ ಸಾನ್ಸ್ ಬರೆಯಲೇ ಇಲ್ಲ.

ಮೂಲದಲ್ಲಿ ಎರಡು ಪಿಯಾನೊಗಳಿವೆ. ನೀರಿನ ಅಲೆಯಂತೆ ಸಣ್ಣ ಸ್ವರಗಳು ಉದ್ದಕ್ಕೂ ಹರಿಯುತ್ತವೆ. ಅವರು ಎರಡನ್ನೂ ಒಂದಾಗಿಸಿದ ಪ್ರತಿಯಿಂದ ನುಡಿಸುತ್ತಿದ್ದರು. 'ನಿಮ್ಮ 44ರಲ್ಲಿ ನನ್ನ ಅಲೆಗಳು ಹನಿ ಹನಿಯಾಗಿ ತೊಟ್ಟಿಕ್ಕುತ್ತವೆ' ಎಂದರು. ಅವರು 60ರಲ್ಲಿ ಒಂದು ಸುತ್ತು ಒಬ್ಬರೇ ನುಡಿಸಿದರು. ಓಡುವ ಆ ಸ್ವರಗಳ ಮೇಲೆ ನನ್ನ ಆರು ಸ್ವರಗಳನ್ನು ಮನಸ್ಸಿನಲ್ಲೇ ಇಟ್ಟು ನೋಡಿದೆ. ನಿಧಾನ ಕಡಿಮೆಯಾಗಿರಲಿಲ್ಲ. ಕೆಳಗೆ ಹರಿಯುವುದೊಂದು ಇರುವುದರಿಂದಲೇ ಮೇಲಿನದು ತೇಲುತ್ತಿತ್ತು.

ಆ ವಾರದಿಂದ ಅಭ್ಯಾಸ ಬದಲಾಯಿತು. ಒಂದು ಎಳೆತಕ್ಕೆ ಆರು ಸೆಕೆಂಡು. ಬೆಳಿಗ್ಗೆ ತೆರೆದ ತಂತಿಯ ಮೇಲೆ ಬರಿಯ ಕಮಾನು, ಎಣಿಕೆಯ ಮೊದಲರ್ಧಕ್ಕೆ ಕಮಾನಿನ ಅರ್ಧವನ್ನಷ್ಟೇ ಖರ್ಚು ಮಾಡುವ ಜಿಪುಣತನ. ಗಮಕ ಬಿಡಿಸುವುದು ಇದಕ್ಕಿಂತ ಕಷ್ಟವಾಯಿತು. ಬೆರಳು ತಾನಾಗಿ ನಿಷಾದದಿಂದ ಷಡ್ಜಕ್ಕೆ ಜಾರುತ್ತದೆ. ಈಗ ಸ್ವರದ ಜಾಗ ಬಿಡದೆ, ಮಣಿಕಟ್ಟಿನಿಂದ ಸಣ್ಣಗೆ ತೂಗುವುದನ್ನು ರೂಢಿಸಿಕೊಳ್ಳುತ್ತಿದ್ದೇನೆ. ಕೊನೆಯ ದೀರ್ಘ ಷಡ್ಜದಲ್ಲಿ ಮಾತ್ರ ಒಮ್ಮೆ ಕಮಾನು ತಿರುಗಿಸುತ್ತೇನೆ, ಯಾರಿಗೂ ಕೇಳಿಸದಂತೆ. ನನಗಂತೂ ಕೇಳಿಸುತ್ತದೆ.

ಸದ್ಯ ಮೆಟ್ರೊನೋಮ್ 56ರಲ್ಲಿದೆ. ಅವರು 60ರಿಂದ ಇಳಿಯಲು ಒಪ್ಪುತ್ತಿಲ್ಲ. ಮುಂದಿನ ಭಾನುವಾರ ಬಂಗಾರಪೇಟೆಯ ಮೇಲೆ ಹೋಗುವ ಬೆಳಗಿನ ಬಸ್ಸಿಗೆ ಮತ್ತೆ ಎರಡು ಟಿಕೆಟ್.