ಆಸ್ಪತ್ರೆಯಲ್ಲಿ ಏರುವ ಬಿಪಿ: ಮನೆಯಲ್ಲಿ ಏಳು ದಿನ ಅಳೆದು ನೋಡುವ ಬಗೆ

ಸಿಂಧನೂರು ಕಡೆಯ ಹಳ್ಳಿಯಿಂದ ಬೆಳಗಿನ ಬಸ್ಸು ಹಿಡಿದು ರಾಯಚೂರಿಗೆ ಬಂದು, ಬಿಸಿಲಲ್ಲಿ ನಡೆದು, ದಾರಿಯಲ್ಲಿ ಚಹಾ ಕುಡಿದು, ಚೀಟಿಗಾಗಿ ಸಾಲಿನಲ್ಲಿ ನಿಂತ 70 ದಾಟಿದ ಹಿರಿಯರ ಬಿಪಿಯನ್ನು ವೈದ್ಯರ ಮುಂದೆ ಕುಳಿತ ಕೂಡಲೇ ಅಳೆದರೆ 160/90 ಬರುವುದರಲ್ಲಿ ಆಶ್ಚರ್ಯವೇನಿಲ್ಲ. ಅದರಲ್ಲಿ ದಣಿವಿನ ಪಾಲೆಷ್ಟು, ಅಂಜಿಕೆಯ ಪಾಲೆಷ್ಟು, ನಿಜವಾದ ಕಾಯಿಲೆಯ ಪಾಲೆಷ್ಟು ಎಂಬುದನ್ನು ಆ ಒಂದು ಅಳತೆ ಹೇಳಲಾರದು. ಆಸ್ಪತ್ರೆಯಲ್ಲಿ 140/90 ಅಥವಾ ಅದಕ್ಕಿಂತ ಹೆಚ್ಚಿದ್ದು, ಮನೆಯ ಸರಾಸರಿ 135/85ಕ್ಕಿಂತ ಕಡಿಮೆಯಿದ್ದರೆ ಅದನ್ನು ‘ವೈಟ್ ಕೋಟ್ ಹೈಪರ್‌ಟೆನ್ಶನ್’, ಅಂದರೆ ವೈದ್ಯರ ಬಿಳಿ ಕೋಟಿನ ಮುಂದೆ ಏರುವ ಬಿಪಿ ಎನ್ನುತ್ತಾರೆ. ಆಸ್ಪತ್ರೆಯ ಅಂಕಿಯೊಂದನ್ನೇ ನಂಬಿ ಮಾತ್ರೆ ಹೆಚ್ಚಿಸಿದರೆ, ಮನೆಯಲ್ಲಿ ಒತ್ತಡ ತೀರಾ ಇಳಿದು, ರಾತ್ರಿ ಎದ್ದಾಗ ತಲೆ ಸುತ್ತಿ ಬೀಳುವ ಅಪಾಯವಿದೆ.

ಮೊದಲು ಯಂತ್ರ. ಮಣಿಕಟ್ಟಿಗೆ ಕಟ್ಟುವುದಕ್ಕಿಂತ ಮೇಲ್ತೋಳಿಗೆ ಸುತ್ತುವ ಸ್ವಯಂಚಾಲಿತ ಯಂತ್ರವೇ ಮೇಲು. ಪಟ್ಟಿ ತೋಳಿನ ಸುತ್ತಳತೆಗೆ ಹೊಂದಬೇಕು; ಚಿಕ್ಕದಾದರೆ ಅಂಕಿ ಏರುತ್ತದೆ. ನಾಡಿ ಏರುಪೇರಾಗಿ ಬಡಿಯುವವರಲ್ಲಿ ಈ ಯಂತ್ರಗಳು ತಪ್ಪಬಹುದಾದ್ದರಿಂದ ಅಂಥವರು ಮೊದಲು ವೈದ್ಯರನ್ನು ಕೇಳಬೇಕು.

ಹೆಚ್ಚಿನ ತಪ್ಪು ಆಗುವುದು ಕೂರುವ ರೀತಿಯಲ್ಲಿ. ನಮ್ಮ ಮನೆಗಳಲ್ಲಿ ಹಿರಿಯರು ಹೊರಸಿನ ಮೇಲೋ ನೆಲದ ಮೇಲೋ ಚಕ್ಕಳಮಕ್ಕಳ ಹಾಕಿ ಕುಳಿತೇ ತೋಳು ಚಾಚುತ್ತಾರೆ. ಅದರ ಬದಲು ಬೆನ್ನಿಗೆ ಆಸರೆಯಿರುವ ಕುರ್ಚಿಯಲ್ಲಿ ಪಾದಗಳನ್ನು ನೆಲಕ್ಕೆ ಊರಿ, ಮೂತ್ರ ವಿಸರ್ಜಿಸಿ ಬಂದು, ಐದು ನಿಮಿಷ ಸುಮ್ಮನೆ ಕೂರಬೇಕು. ಅದಕ್ಕೂ ಮೊದಲಿನ ಅರ್ಧ ಗಂಟೆ ಚಹಾ, ಬೀಡಿ, ತಂಬಾಕು ಯಾವುದೂ ಬೇಡ. ಪಟ್ಟಿಯನ್ನು ಬರಿಯ ತೋಳಿಗೆ ಸುತ್ತಿ, ತೋಳನ್ನು ಎದೆಯ ಮಟ್ಟಕ್ಕೆ ಮೇಜಿನ ಮೇಲಿಡಬೇಕು. ಅದು ಹತ್ತು ಸೆಂಟಿಮೀಟರ್ ಕೆಳಗಿದ್ದರೂ ಅಂಕಿ ಸುಮಾರು ಎಂಟರಷ್ಟು ಹೆಚ್ಚು ಬರುತ್ತದೆ. ಅಳೆಯುವಾಗ ಮಾತೂ ಬೇಡ, ಪಕ್ಕದಲ್ಲಿ ನಿಂತು “ಎಷ್ಟು ಬಂತು” ಎಂದು ಕೇಳುವ ಮೊಮ್ಮಕ್ಕಳೂ ಬೇಡ.

ಬೆಳಿಗ್ಗೆ ಮಾತ್ರೆ ಮತ್ತು ತಿಂಡಿಗೆ ಮೊದಲು ಒಂದು ನಿಮಿಷದ ಅಂತರದಲ್ಲಿ ಎರಡು ಸಲ, ಸಂಜೆ ಮತ್ತೆ ಎರಡು ಸಲ, ಹೀಗೆ ಏಳು ದಿನ ಅಳೆದು ಎಲ್ಲವನ್ನೂ ಬರೆಯಬೇಕು. ಕಡಿಮೆ ಬಂದದ್ದನ್ನು ಮಾತ್ರ ಬರೆಯುವ ಜಾಣತನದಿಂದ ನಷ್ಟ ನಮಗೇ. ಮೊದಲ ದಿನದ್ದನ್ನು ಬಿಟ್ಟು ಉಳಿದವುಗಳ ಸರಾಸರಿ ತೆಗೆಯಬೇಕು. ಹಿರಿಯರಲ್ಲಿ ಎದ್ದು ನಿಂತ ಮೂರು ನಿಮಿಷದೊಳಗೂ ಒಮ್ಮೆ ಅಳೆಯುವುದು ಒಳ್ಳೆಯದು: ಕುಳಿತಾಗಿನ ಅಳತೆಗಿಂತ ಮೇಲಿನ ಅಂಕಿ 20 ಅಥವಾ ಕೆಳಗಿನದು 10 ಇಳಿದರೆ ವೈದ್ಯರಿಗೆ ತಿಳಿಸಲೇಬೇಕು.

ಮನೆಯ ಸರಾಸರಿ ಸರಿಯಿದೆಯೆಂದು ಮಾತ್ರೆಯನ್ನು ತಾವಾಗಿಯೇ ನಿಲ್ಲಿಸುವುದು ತಪ್ಪು. ವೈಟ್ ಕೋಟ್ ಬಿಪಿಯವರಲ್ಲಿ ಅನೇಕರಿಗೆ ಮುಂದೆ ನಿಜವಾದ ಅಧಿಕ ರಕ್ತದೊತ್ತಡ ಬರುತ್ತದೆ, ಹೃದಯದ ತೊಂದರೆಯ ಸಾಧ್ಯತೆಯೂ ಸಾಮಾನ್ಯ ಒತ್ತಡದವರಿಗಿಂತ ತುಸು ಹೆಚ್ಚು. ಆದ್ದರಿಂದ ರೊಟ್ಟಿಯ ಜೊತೆಗಿನ ಉಪ್ಪಿನಕಾಯಿ, ಸಂಜೆಯ ಮಿರ್ಚಿ ಭಜಿಗಳನ್ನು ಮಿತಗೊಳಿಸಿ, ತಂಬಾಕು ಬಿಟ್ಟು, ವರ್ಷಕ್ಕೊಮ್ಮೆಯಾದರೂ ಈ ಏಳು ದಿನದ ಲೆಕ್ಕವನ್ನು ಮತ್ತೆ ಮಾಡಬೇಕು. ಅಳತೆ 180/120 ದಾಟಿ, ಜೊತೆಗೆ ಎದೆನೋವು, ಉಬ್ಬಸ, ಮಾತಿನ ತೊದಲು ಅಥವಾ ಕೈಕಾಲಿನ ಬಲಹೀನತೆ ಕಂಡರೆ ಸರಾಸರಿಗೆ ಕಾಯದೆ 108ಕ್ಕೆ ಕರೆ ಮಾಡಬೇಕು.

ವೈದ್ಯರ ಬಳಿಗೆ ಅಳತೆ ಬರೆದಿಟ್ಟ ಪುಸ್ತಕದ ಜೊತೆ ಯಂತ್ರವನ್ನೂ ಒಯ್ದರೆ ಅವರ ಯಂತ್ರದೊಂದಿಗೆ ಹೋಲಿಸಬಹುದು. ನಮ್ಮ ಕಡೆಯ ಬೇಸಿಗೆಯಲ್ಲಿ ಬಿಪಿ ಇಳಿಯುವುದು ಸಾಮಾನ್ಯವಾದ್ದರಿಂದ, ಏಪ್ರಿಲ್‌ನಲ್ಲಿ ಬಂದ ಸರಾಸರಿಯನ್ನೇ ಡಿಸೆಂಬರಿಗೂ ಸರಿಯೆಂದು ಹಿಡಿಯಬಾರದು.